ಫಯರ್ ಗಾಡಿಯ ಮರ್ಯಾದೆ

ಅಂಗಡಿಯವನಿಗೆ ಬಾರದ ಭಾಷೆಯೊಂದು ನಮ್ಮ ಮನೆಯಲ್ಲಿರುವುದು ದೊಡ್ಡ ಆಸ್ತಿ ಎಂದು ನಂಬಿಕೊಂಡು ಬಂದವಳು ನಾನು. ಧರ್ಮಪುರಿ ಕಡೆಯ ಕನ್ನಡದ ಮನೆಗಳಲ್ಲಿ ಹುಟ್ಟಿದ ಹೆಂಗಸರಿಗೆಲ್ಲ ಈ ನಂಬಿಕೆ ಉಂಟು. ಸೀರೆ ಅಂಗಡಿಯಲ್ಲಿ ಕೂತು ತಮಿಳಿನಲ್ಲಿ "ಬಣ್ಣ ಅಷ್ಟಕ್ಕಷ್ಟೇ" ಎಂದು ಮೂಗು ಮುರಿಯುವುದು, ಪಕ್ಕದಲ್ಲಿರುವ ಅಕ್ಕನಿಗೆ ಕನ್ನಡದಲ್ಲಿ "ಬಿಡಬ್ಯಾಡ ಕಣೇ, ಇಂತಾದ್ದು ಇನ್ನೆಲ್ಲೂ ಸಿಗಾಕಿಲ್ಲ" ಎಂದು ಪಿಸುಗುಡುವುದು. ಈ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆ ಎಂದರೆ, ನಮ್ಮ ನಂಟರಲ್ಲಿ ಯಾರು ಮದುವೆ ಸೀರೆ ತೆಗೆಯಲಿ, ಕುರಿ ಕೊಳ್ಳಲಿ, ಜೊತೆಗೆ ನಾನು ಇರಲೇಬೇಕು. ನಲ್ಲಂಪಳ್ಳಿಯ ಶಾಲೆಯಲ್ಲಿ ಬೆಳಗ್ಗೆ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಪಾಠ ಹೇಳಿ, ಸಂಜೆ ಅಂಗಡಿಯಲ್ಲಿ ಎರಡು ಭಾಷೆಯಲ್ಲಿ ಎರಡು ಮಾತಾಡುವುದು ನನಗೆ ಯಾವತ್ತೂ ತಪ್ಪೆನಿಸಿದ್ದಿಲ್ಲ. ಇಂಥ ನನ್ನನ್ನು ಸೀರೆ ಅಂಗಡಿಯಿಂದ ಎಬ್ಬಿಸಿ ಹಳೆ ಕಬ್ಬಿಣದ ಅಂಗಡಿಗಳಿಗೆ ಅಲೆಸಿದ್ದು ಅಪ್ಪನ ಫಯರ್ ಗಾಡಿ.

ಪುಸ್ತಕದಲ್ಲಿ ಅದನ್ನು ಅಗ್ನಿಶಾಮಕ ವಾಹನ ಅನ್ನುತ್ತಾರೆ. ಅಷ್ಟುದ್ದದ ಹೆಸರು ಹೇಳಿ ಕರೆಯುವಷ್ಟರಲ್ಲಿ ಊರೇ ಸುಟ್ಟು ಹೋದೀತು ಎಂದೋ ಏನೋ, ನಾವೆಲ್ಲ ಫಯರ್ ಗಾಡಿ ಎಂದೇ ಕರೆದೆವು. ಸೇಲಂ ರಸ್ತೆಯ ಒಂದು ನೂಲಿನ ಮಿಲ್ಲಿಗೆ ಸೇರಿದ ಗಾಡಿ ಅದು. ಬಿಳಿಯರ ಕಾಲದಲ್ಲಿ ಹಡಗಿನಲ್ಲಿ ಬಂದದ್ದು. ಅಪ್ಪ ಅದರ ಡ್ರೈವರ್. ಕೆಂಪು ಮೈ, ಮುಖ ಕಾಣುವಷ್ಟು ಉಜ್ಜಿದ ಹಿತ್ತಾಳೆ ಗಂಟೆ, ಬಾಗಿಲಿಲ್ಲದ ಮುಂದಿನ ಸೀಟು. ಆಯುಧಪೂಜೆಯ ದಿನ ಮಿಲ್ಲಿನ ಕ್ವಾರ್ಟರ್ಸಿನ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಅಪ್ಪ ಒಂದು ಸುತ್ತು ಹೊಡೆಸುತ್ತಿದ್ದರು. ಅವರ ಪಕ್ಕದ ಜಾಗ ನನ್ನದು, ಗಂಟೆಯ ಹಗ್ಗವೂ ನನ್ನದು. ಆಮೇಲೆ ಎಷ್ಟೋ ವಾಹನ ಹತ್ತಿದ್ದೇನೆ, ಅಂಥ ಗರ್ವ ಮತ್ತೆ ಬರಲಿಲ್ಲ. ಬೇಸಿಗೆಯಲ್ಲಿ ಬಾವಿ ಬತ್ತಿದರೆ ಕುಡಿಯುವ ನೀರು ತರುತ್ತಿದ್ದದ್ದು ಅದೇ ಗಾಡಿ. ಮದುವೆ ಮನೆಗಳಿಗೆ ಹಂಡೆ ಹಂಡೆ ನೀರು ತುಂಬಿಸುತ್ತಿದ್ದದ್ದೂ ಅದೇ. ಅದು ಮಾಡದೇ ಹೋದ ಕೆಲಸ ಒಂದೇ, ಬೆಂಕಿ ಆರಿಸುವುದು.

ಅದಕ್ಕೆ ಸಿಕ್ಕಿದ್ದೂ ಒಂದೇ ಅವಕಾಶ. ನನ್ನ ಮದುವೆ ಗೊತ್ತಾಗಿದ್ದ ವರ್ಷ, ಬಿರುಬೇಸಿಗೆಯಲ್ಲಿ, ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಎಲ್ಲರೂ ಫಯರ್ ಗಾಡಿಯ ಷೆಡ್ಡಿನ ಕಡೆ ನೋಡಿದರು. ಅಪ್ಪ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರು, ತಿರುಗಿಸಿದರು, ಅಂಗೈಯ ಚರ್ಮ ಸುಲಿಯುವ ತನಕ ತಿರುಗಿಸಿದರು. ಗಾಡಿ ಕೆಮ್ಮಲೂ ಇಲ್ಲ. ಅಷ್ಟರಲ್ಲಿ ಮಿಲ್ಲಿನ ಜನ ಬಕೆಟ್ಟು, ಒದ್ದೆ ಗೋಣಿತಾಟು ಹಿಡಿದು ಬೆಂಕಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ, ಗಾಡಿಯ ಮಾನವೊಂದು ಹೋಯಿತು. ಅಂದಿನಿಂದ ಕ್ವಾರ್ಟರ್ಸಿನಲ್ಲಿ ಒಲೆ ಹಚ್ಚಿದರೂ "ಫಯರ್ ಗಾಡಿಗೆ ಈಗಲೇ ಹೇಳಿ ಕಳಿಸಿ, ನಾಳೆಗಾದರೂ ಬರಲಿ" ಎನ್ನುವ ತಮಾಷೆ ಶುರುವಾಯಿತು. ಎಲ್ಲರಿಗಿಂತ ಹೆಚ್ಚು ಬಯ್ಯುತ್ತಿದ್ದವಳು ಅವ್ವ. "ತಿಂಗಳೆಲ್ಲಾ ಉಜ್ಜಿ ಸಾಕಿದ ಪಟ್ಟದಾನೆ, ಬೇಕಾದಾಗ ಮಲಗ್ಬುಡ್ತು" ಎಂದು ಬೀದಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು. ಮಿಲ್ಲಿನವರು ಮತ್ತೆ ಅದನ್ನು ಷೆಡ್ಡಿನಿಂದ ಹೊರಗೆ ತೆಗೆಸಲಿಲ್ಲ.

ತೊಂಬತ್ತರ ದಶಕದ ಹೊತ್ತಿಗೆ ಅಪ್ಪ ರಿಟೈರಾಗಿ, ಅವರೂ ಅವ್ವನೂ ನಮ್ಮ ಜೊತೆಗೇ ನಲ್ಲಂಪಳ್ಳಿಯಲ್ಲಿದ್ದರು. ಗಾಡಿ ಮಿಲ್ಲಿನ ಷೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಒಂದು ದಿನ ಮಿಲ್ಲಿನ ಹಳೆಯ ಸ್ನೇಹಿತರು ಬಂದು, ಹೊಸ ಮ್ಯಾನೇಜರು ಅದನ್ನು ತೂಕಕ್ಕೆ ಹಾಕಿಬಿಡುತ್ತಾರಂತೆ ಎಂದರು. ಅಪ್ಪ ಆಗಲೇ ಎದ್ದು ಅಂಗಿ ಹಾಕಿಕೊಂಡು ಹೊರಟರು. ಮ್ಯಾನೇಜರು ಕೆಟ್ಟವರಲ್ಲ. "ಆಯುಧಪೂಜೆ ದಿನ ಇದು ತಾನಾಗಿ ಗೇಟು ದಾಟಿ ಬಂದರೆ, ಗೇಟಿನ ಪಕ್ಕ ಒಂದು ಷೆಡ್ಡು ಹಾಕಿ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಕಬ್ಬಿಣದವನಿಗೆ" ಎಂದು ತಮಿಳಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದರಂತೆ. ಅಪ್ಪ ಮನೆಗೆ ಬಂದು ಊಟಕ್ಕೆ ಕೂತವರು, ಆ ಹಬ್ಬಕ್ಕೆ ಇನ್ನೆಷ್ಟು ದಿನ ಇದೆ ಎಂದು ನನ್ನನ್ನು ಕೇಳಿದರು. ಬೆರಳು ಮಡಿಸುತ್ತ ಅನ್ನ ಕಲಸುವುದನ್ನೇ ಮರೆತರು.

ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ. ಅಪ್ಪ ಒಬ್ಬರೇ ಹೋದರೆ ಕೆಲಸ ಕೆಡುತ್ತಿತ್ತು. ಬೇಕಾದ ಸಾಮಾನು ಕಂಡ ಕೂಡಲೇ ಅವರ ಮುಖ ಅರಳಿಬಿಡುತ್ತಿತ್ತು. ಆ ಮುಖ ನೋಡಿ ಅಂಗಡಿಯವನು ಬೆಲೆ ಏರಿಸುತ್ತಿದ್ದ. "ನೀನೂ ಓಗು ಸರೋಜಾ, ಇಲ್ಲಾಂದ್ರೆ ನಿಮ್ಮಪ್ಪ ಉಟ್ಟ ಪಂಚೇನೂ ಕೊಟ್ಟು ಬತ್ತಾರೆ" ಎಂದು ಅವ್ವನೇ ನನ್ನನ್ನು ತಳ್ಳಿದಳು. ಹೀಗೆ ಶನಿವಾರ, ಭಾನುವಾರ ಅಪ್ಪ ಮತ್ತು ನಾನು ಬಸ್ಸು ಹತ್ತುವುದಾಯಿತು. ಅಪ್ಪನ ಕೈಯಲ್ಲಿ ಯಾರದೋ ಮದುವೆಯಲ್ಲಿ ತಾಂಬೂಲ ಕೊಟ್ಟ ಹಳದಿ ಬಟ್ಟೆ ಚೀಲ. ಅದರೊಳಗೆ ಸವೆದ ಪಿಸ್ಟನ್, ಮುರಿದ ರಿಂಗು, ಸುಟ್ಟ ವಾಲ್ವು. ಮಗಳ ಜಾತಕ ಹಿಡಿದು ಗಂಡು ಹುಡುಕುವವರ ಹಾಗೆ ಆ ಚೀಲ ಬಿಚ್ಚುವುದು, ತೋರಿಸುವುದು, "ಕೂಡಿ ಬರೋದಿಲ್ಲ" ಅನ್ನಿಸಿಕೊಳ್ಳುವುದು, ಮತ್ತೆ ಕಟ್ಟುವುದು.

ನಮ್ಮ ಕಡೆ ಲಾರಿ ಸಾಮಾನಿಗೆ ಬರವಿಲ್ಲ. ಸಂಕಗಿರಿಯಲ್ಲಿ ಕಣ್ಣು ಹಾಯುವಷ್ಟು ದೂರ ಲಾರಿಗಳೇ. ಆದರೆ ಎಲ್ಲವೂ ಡೀಸೆಲ್ಲಿನವು. ಅಪ್ಪನ ಪೆಟ್ರೋಲ್ ಇಂಜಿನ್ನಿನ ಹೆಸರು ಹೇಳಿದರೆ ಮೆಕ್ಯಾನಿಕ್ಕುಗಳು, ಸತ್ತುಹೋದ ದೂರದ ನಂಟನೊಬ್ಬನನ್ನು ವಿಚಾರಿಸಿದರೆ ನೋಡುವಂತೆ ಕನಿಕರದಿಂದ ನೋಡುತ್ತಿದ್ದರು. "ಇಂಜಿನ್ನು ಎತ್ತಿ ಬಿಸಾಕಿ, ಡೀಸೆಲ್ಲಿಂದು ಕೂರಿಸಿ ದೊಡ್ಡವರೇ, ಹೇಳಿದ ಹಾಗೆ ಓಡ್ತದೆ" ಎಂದು ಎಲ್ಲರದೂ ಒಂದೇ ಸಲಹೆ. ಅಪ್ಪನಿಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. "ಬ್ಯಾರೆ ಇಂಜಿನ್ ಆಕಿದ್ರೆ ಬ್ಯಾರೆ ಗಾಡಿ ಓಡ್ದಂಗಾಯ್ತು. ಇದು ಓಡ್ಬೇಕು" ಎನ್ನುತ್ತಿದ್ದರು. ಕಾರಿಮಂಗಲದಲ್ಲಿ ಅಂಥದೇ ಇಂಜಿನ್ನು ಕಬ್ಬು ಅರೆಯುತ್ತಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಅಲ್ಲಿ ಅರೆಯುತ್ತಿದ್ದದ್ದು ಒಂದು ಎತ್ತು. ಸುಮ್ಮನೆ ಬರುವುದು ಬೇಡವೆಂದು ಕಬ್ಬಿನ ಹಾಲು ಕುಡಿದು ಬಂದೆವು.

ಆದರೂ ಒಂದೊಂದೇ ಒದಗಿ ಬಂತು. ಬೋರ್‌ವೆಲ್ ಲಾರಿಯ ಕಂಪ್ರೆಸರಿನ ರಿಂಗು ಹೇಗೋ ಅಳತೆಗೆ ಸರಿಹೋಯಿತು. ಸೇಲಂನ ಲೇತ್ ಅಂಗಡಿಯಲ್ಲಿ ವಾಲ್ವು ಕಡೆಸಿದೆವು. ಗ್ಯಾಸ್ಕೆಟ್ಟನ್ನು ಅಪ್ಪ ತಾಮ್ರದ ತಗಡು ತಂದು, ನಮ್ಮ ಜಗಲಿಯ ಮೇಲೆ ಕೂತು, ನನ್ನ ಹೊಲಿಗೆ ಕತ್ತರಿಯಿಂದ ಕತ್ತರಿಸಿದರು. ಆ ಕತ್ತರಿ ಆಮೇಲೆ ಬಟ್ಟೆಗೂ ಬರಲಿಲ್ಲ, ತಗಡಿಗೂ ಬರಲಿಲ್ಲ. ಕೊನೆಗೆ ಉಳಿದದ್ದು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಂದೇ. ಅದಿಲ್ಲದೆ ಮಿಕ್ಕದ್ದೆಲ್ಲ ಇದ್ದೂ ದಂಡ. ಹಬ್ಬ ಹತ್ತಿರ ಬಂದಿತ್ತು.

ಅದು ಸಿಕ್ಕಿದ್ದು ಸೇಲಂನ ಒಂದು ಹಳೆ ಕಬ್ಬಿಣದ ಅಂಗಡಿಯಲ್ಲಿ, ಮಿಲಿಟರಿಯಿಂದ ಹರಾಜಾಗಿ ಬಂದ ಸಾಮಾನಿನ ರಾಶಿಯೊಳಗೆ. ಅಂಗಡಿಯವರು ಹೊಟ್ಟೆ ಮುಂದಿದ್ದ ದೊಡ್ಡ ಮನುಷ್ಯರು, ಬನಿಯನ್ನು, ವಿಭೂತಿ. ನಾನು ತಮಿಳಿನಲ್ಲಿ ಬೆಲೆ ಕೇಳಿದೆ. ಅವರು ಹೇಳಿದ ಬೆಲೆಗೆ ನಾನು ನಕ್ಕೆ. ಆಮೇಲೆ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದೆ. "ಅಪ್ಪಾ, ಮೊದ್ಲು ಮುಖ ಸಪ್ಪಗೆ ಮಾಡ್ಕೋ. ಈ ಡೊಳ್ಳೊಟ್ಟೆಯೋನು ಅರ್ಧಕ್ಕಿಳೀತಾನೆ. ಇಳೀದಿದ್ರೆ ಅವ್ನ್ ಏಳಿದ್ ಬೆಲೇನೇ ಕೊಟ್ರೂ ಪರವಾಯಿಲ್ಲ. ಈಗ ಎದ್ದು ಒಂಟೋಗೋಣ, ಬಾಗ್ಲು ದಾಟೋದ್ರೊಳಗೆ ತಾನೇ ಕೂಗ್ತಾನೆ ನೋಡು." ಅಂಗಡಿಯವರು ನಟ್ಟು ಬೋಲ್ಟು ವಿಂಗಡಿಸುತ್ತ ತಮ್ಮ ಪಾಡಿಗೆ ತಾವಿದ್ದರು.

ಅಪ್ಪ ಏಳಲಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿದ್ದ ಬೆರಳ ತುದಿಯಷ್ಟಿದ್ದ ಒಂದು ಸಾಮಾನನ್ನು ಸವರುತ್ತ ಕೂತುಬಿಟ್ಟರು. "ಇದು ಕಂಡೆನ್ಸರು" ಎಂದರು. "ಇದಿಲ್ದಿದ್ರೆ ಕಿಡಿ ಬರಾಕಿಲ್ಲ."

"ಗೊತ್ತಾಯ್ತು, ಏಳಪ್ಪಾ" ಎಂದೆ.

"ನಾ ಏಳಾಕಿಲ್ಲ ಸರೋಜಾ. ಎದ್ದೋಗಿ ಅವ್ನು ಕೂಗ್ದಿದ್ರೆ?" ಅಪ್ಪ ಮುಚ್ಚಳ ಮತ್ತೆ ಹಾಕಿದರು. "ಬೆಂಕಿ ಬಿದ್ದ ದಿನ ಗಾಡೀಲಿ ಏನೂ ತಪ್ಪಿರ್ಲಿಲ್ಲ ಕಣವ್ವಾ. ಕಂಡೆನ್ಸರ್ ಇರ್ಲಿಲ್ಲ ಅಷ್ಟೇಯ. ಮಾರಂಡಹಳ್ಳೀಲಿ ನಿಮ್ಮಾವನ ಬಾವಿ ಮೇಲಿನ ಸೀಮೆಣ್ಣೆ ಮಿಷಿನ್ನು ಕೆಟ್ಟು ತೋಟ ಒಣಗ್ತಿತ್ತು. ಮಡ್ರಾಸಿಂದ ಬರೋಗಂಟ ಅಂತ ಬಿಚ್ಚಿ ಕೊಟ್ಟಿದ್ದೆ. ಅಷ್ಟ್ರಲ್ಲಿ ಬೆಂಕಿ ಬಿತ್ತು. ಶುರುವಾಗಾಕಿಲ್ಲ ಅಂತ ಗೊತ್ತಿದ್ರೂ ಎಲ್ರ ಮುಂದೆ ಹ್ಯಾಂಡಲ್ ತಿರುಗಿಸ್ದೆ. ಅವತ್ತಿಂದ ಗಾಡಿಗೆ ಕೆಟ್ಟ ಎಸ್ರು. ಅದಕ್ಕೆ ಬಾಯಿಲ್ಲ, ನಾನು ಬಾಯಿ ಬಿಡ್ಲಿಲ್ಲ. ನಿಮ್ಮವ್ವಂಗೂ ಗೊತ್ತಿಲ್ಲ. ತನ್ನಣ್ಣನ ಮನೆಗೋಸ್ಕರ ಇಂಗಾಯ್ತಲ್ಲಾ ಅಂತ ಕೊರಗ್ತಾಳೆ, ಅವ್ಳಿಗೆ ಏಳ್ಬ್ಯಾಡ. ಒಂದ್ ಸಲ ಅದು ಎಲ್ರ ಮುಂದೆ ಶುರುವಾಗ್ಲಿ. ಸಾಕು."

ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನ್ನ ಕಣ್ಣೂ ತುಂಬಿತು. ಆಗ ನಟ್ಟು ಬೋಲ್ಟಿನ ರಾಶಿಯ ಹಿಂದಿನಿಂದ ಕನ್ನಡ ಕೇಳಿಸಿತು. "ಎದ್ದೋಗಬ್ಯಾಡಿ ಅಣ್ಣಾ. ನನಗೆ ಬೆನ್ನು ನೋವು, ಎದ್ ಬಂದು ಕೂಗಾಕಾಗಾಕಿಲ್ಲ."

ಸೇಲಂನ ನೇಯ್ಗೆಯವರ ಬೀದಿಗಳಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ ಎನ್ನುವುದು ನನಗೆ ತಿಳಿಯದ ವಿಷಯವಲ್ಲ. ಆ ಬೀದಿಯವರೊಬ್ಬರು ಮಗ್ಗ ಬಿಟ್ಟು ಹಳೆ ಕಬ್ಬಿಣಕ್ಕೆ ಇಳಿದಿರಬಹುದು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅಣ್ಣ, ಆ ಹೊಟ್ಟೆ ಮಾತು..." ಎಂದು ತೊದಲಿದೆ. "ಒಟ್ಟೆ ಇರೋದು ನಿಜ ತಾನೆ, ಬುಡವ್ವ" ಎಂದರು. "ನೀನೇ ಎರಡು ಬೆಲೆ ಏಳ್ದೆ. ಅರ್ಧ ಅಂದ್ಯಲ್ಲ, ಅದನ್ನೇ ಕೊಡು. ಗಾಡಿ ಶುರುವಾಗೋ ದಿನ ನನ್ನೂ ಕರೀಬೇಕು. ಇನ್ನು ನಿಮ್ಮನೆ ಇಚಾರ ನಾನು ಕೇಳೇ ಇಲ್ಲ." ಆಮೇಲೆ ಅಪ್ಪನಿಗೆ ಚಹಾ ತರಿಸಿದರು. ನನಗೂ ತರಿಸಿದರು.

ಆಯುಧಪೂಜೆ ಬಂತು. ಗಾಡಿಗೆ ಬಾಳೆಕಂದು, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಮಿಲ್ಲಿನ ಜನ ಎಲ್ಲ ಸೇರಿದ್ದರು, ಸೇಲಂ ಅಂಗಡಿಯವರೂ ಬಂದಿದ್ದರು. ಅಪ್ಪ ಹ್ಯಾಂಡಲ್ ತಿರುಗಿಸಿದರು. ಸುಮ್ಮನಿತ್ತು. ಮತ್ತೆ ತಿರುಗಿಸಿದರು. ಹಿಂದಿನಿಂದ ಯಾರೋ "ನಾಳೆ ಬರ್ತದೆ" ಎಂದರು, ಒಂದಿಬ್ಬರು ನಕ್ಕರು. ಅಪ್ಪ ಬೆವರು ಒರೆಸಿಕೊಂಡು, ಬಾನೆಟ್ಟಿನ ಮೇಲೆ ಕೈಯಿಟ್ಟು ಏನೋ ಅಂದು, ಇನ್ನೊಮ್ಮೆ ತಿರುಗಿಸಿದರು. ಗಾಡಿ ಒಮ್ಮೆ ಗುಡುಗಿ, ಕಪ್ಪು ಹೊಗೆಯನ್ನು ನಕ್ಕವರ ಮುಖಕ್ಕೇ ಊದಿ, ನಡುಗುತ್ತ ಶುರುವಾಯಿತು. ಅಪ್ಪ ಸೀಟು ಹತ್ತಿದರು, ಗಾಡಿ ಗೇಟು ದಾಟಿತು. ಮ್ಯಾನೇಜರು ಚಪ್ಪಾಳೆ ತಟ್ಟಿ, ಎರಡು ಮಾತಾಡಿ ಎಂದರು. ಅಪ್ಪ ಸೀಟಿನಿಂದಲೇ ತಮಿಳಿನಲ್ಲಿ ಹೇಳಿದರು: "ಗಾಡಿ ಯಾವತ್ತೂ ಸರಿಯಾಗೇ ಇತ್ತು. ಓಡಿಸುವವನು ಸರಿ ಇರಲಿಲ್ಲ." ಎಂಥ ವಿನಯ ಎಂದು ಜನ ಮೆಚ್ಚಿಕೊಂಡರು. ಅವ್ವ ಮಾತ್ರ ಮುಂದೆ ಬಂದು, ಗಾಡಿಯ ಮಡ್‌ಗಾರ್ಡಿಗೆ ಇನ್ನಷ್ಟು ಕುಂಕುಮ ಇಟ್ಟಳು.

ಅಪ್ಪ ಈಗಿಲ್ಲ. ಈ ಕತೆ ಬರೆದಿಡಬೇಕೆಂದು ಬಹಳ ದಿನದಿಂದ ಇತ್ತು. ನಾನು ಹೊಸೂರಿನ ಅಜ್ಜಿ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು, ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಬರುವುದು ನನಗೊಬ್ಬಳಿಗೇ. ಅಪ್ಪನ ಗುಟ್ಟು ಬರೆದರೂ ಭಯವಿಲ್ಲ ಎಂದು ಧೈರ್ಯವಾಗಿ ಬರೆದೆ. ಮೊನ್ನೆ ಅವ್ವ ಎಲೆಯಡಿಕೆ ಹಾಕಿಕೊಳ್ಳುತ್ತ, "ಅದೇನ್ ಅಷ್ಟೊಂದು ಬರ್ದಿದ್ದೀಯೆ, ಓದು ಕೇಳಾನ" ಎಂದಳು. ಓದಿದೆ. ಅಂಗಡಿಯಲ್ಲಿ ಅಪ್ಪ ಹೇಳಿದ್ದನ್ನು ಮಾತ್ರ ನಾಜೂಕಾಗಿ ಹಾರಿಸಿದೆ.

ಅವ್ವ ಪೂರ್ತಿ ಕೇಳಿ, "ಸಂದಾಗೈತೆ. ಕಂಡೆನ್ಸರ್ ಇಚಾರ ಯಾಕ್ ಬಿಟ್ಟೆ?" ಎಂದಳು.

"ನಿಂಗೆ ಗೊತ್ತಾ?"

"ಗೊತ್ತಾ ಅಂತೀಯಲ್ಲ! ಬಿಚ್ಚಿಸ್ದೋಳೇ ನಾನು. ಸೆರಗ್ನಾಗೆ ಗಂಟಾಕ್ಕೊಂಡು ಮಾರಂಡಹಳ್ಳಿ ಬಸ್ ಅತ್ತಿದ್ದೂ ನಾನೇಯ."

ಅಂದರೆ ಅಪ್ಪ, ಕಣ್ಣೀರು ಹಾಕುತ್ತ ನನ್ನ ಮುಂದೆ ಎಲ್ಲ ಹೇಳಿಕೊಂಡ ಆ ಹೊತ್ತಿನಲ್ಲೂ ಅವ್ವನನ್ನು ಬಚ್ಚಿಟ್ಟಿದ್ದರು. "ಮತ್ತೆ ಅಷ್ಟು ವರ್ಷ ಗಾಡೀನ ಯಾಕವ್ವ ಬಯ್ತಿದ್ದೆ?" ಎಂದೆ.

"ಬೈದ್ರೆ ಗಾಡಿ ಅಳ್ತದಾ? ನಾ ಬಾಯ್ ಮಾಡ್ದಿದ್ರೆ ಜನ ನಿಮ್ಮಪ್ಪನ್ನ ಇಡ್ಕೋತಿದ್ರು, ಯಾಕ್ಲಾ ಶುರುವಾಗ್ಲಿಲ್ಲ ಅಂತ." ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಬೇರೆ ಕಂಡೆನ್ಸರ್ ಬರೋ ತನಕ ಕಾಯೋಕಾಗ್ತಿರ್ಲಿಲ್ವಾ? ಏನಂತಾ ಅವಸರ?"

"ಇನ್ನೇನ್ ಅವಸರ! ನಿನ್ ಮದ್ವೆ ಊಟಕ್ಕೇ ಅಂತ ನಿಮ್ಮಾವ ತೋಟದ ತುಂಬ ಬದನೆ ಆಕಿದ್ದ. ತಾಯ್ಮಾಮನ ಸೀರು, ಸೋದರಮಾವ ಕೊಡ್ಬೇಕಾದ ಉಡುಗೊರೆ. ಅದು ಒಣಗೋಗ್ಲಿ ಅಂತ ಬಿಡಾಕಾಗ್ತದಾ?"

ಆ ಬದನೆಕಾಯಿ ಎಣಗಾಯಿ ನನಗೆ ಚೆನ್ನಾಗಿ ನೆನಪಿದೆ. ಮದುವೆಯ ಎಲೆಯ ಮುಂದೆ ಕೂತು, ಹೊಸ ಗಂಡನನ್ನು ಹೇಗಾದರೂ ನಗಿಸಬೇಕೆಂದು, ನಾನಾಗಿ ಅವರಿಗೆ ಹೇಳಿದ ಮೊದಲ ಮಾತೇ ಅಪ್ಪನ ಶುರುವಾಗದ ಗಾಡಿಯ ಕತೆ. ಅವರು ನಕ್ಕರು, ನಾನೂ ನಕ್ಕೆ. ಬಡಿಸುತ್ತ ಬಂದ ಅಪ್ಪನೂ ನಕ್ಕರು, ನಕ್ಕು ನನ್ನ ಎಲೆಗೆ ಇನ್ನೊಂದು ಬದನೆಕಾಯಿ ಹಾಕಿ ಹೋದರು.