ಮಳೆಗಾಲದಲ್ಲಿ ತೆಗೆಯದ ಬೀರು

ಇವತ್ತು ಹಂಡೆಯೊಲೆ ಹಚ್ಚಿದೆ, ಬಾಣಂತಿ ಕೋಣೆ ಒರೆಸಿದೆ, ಮೆಣಸು ಜೀರಿಗೆ ಹುರಿದೆ, ಒಗೆದ ಬಟ್ಟೆಯನ್ನು ಮಳೆಗೆ ಹೆದರಿ ಹಿತ್ತಲಿಗೂ ನಡುಮನೆಗೂ ಹೊತ್ತು ತಿರುಗಿದೆ. ಜೊತೆಗೆ, ಒಂದು ದುಪ್ಪಟಿಗಾಗಿ ಭಾವನವರೊಡನೆ ಜಗಳವಾಡಿದೆ. ಹೆಚ್ಚು ಸುಸ್ತಾದದ್ದು ಇದರಿಂದಲೇ!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಮನುಷ್ಯರಿಗೆ ನೆಗಡಿಯಾದರೆ ವಿಚಾರಿಸದ ಅವರು ದುಪ್ಪಟಿಗಳಿಗೆ ಥಂಡಿಯಾದೀತೆಂದು ನಿದ್ದೆಗೆಡುತ್ತಾರೆ.

ರಾಜಾಜಿನಗರದ ಈ ಹೊಸ ಮನೆಗೆ ಬಂದಾಗ ಬಡಗಿ ಹೊನ್ನೆಮರದ ಬೀರು ತಂದ. ಮರ ಬಣ್ಣ ಬಿಡುತ್ತದೇನೋ ನೋಡಲು ಭಾವನವರು ತಮ್ಮ ಬಿಳಿ ಪಂಚೆಯನ್ನು ಒದ್ದೆ ಮಾಡಿ ಅದರೊಳಗೆ ಹಾಸಿದರು. ಬೆಳಗಾಗುವಷ್ಟರಲ್ಲಿ ಪಂಚೆಗೆ ಹಳದಿ ಕಲೆ! ಬಡಗಿಯನ್ನು ಕರೆಸಿದರು.

"ನೋಡಯ್ಯಾ, ನಿನ್ನ ಮರ ಬೆವರ್ತಾ ಇದೆ!"

"ಸ್ವಾಮೀ, ಬೀರುವಲ್ಲಿ ಯಾರಾದ್ರೂ ಒದ್ದೆ ಬಟ್ಟೆ ಇಡ್ತಾರಾ?"

"ನಮ್ಮನೇಲಿ ಇಡೋರಿದಾರೆ ಕಣಯ್ಯಾ," ಎಂದು ನನ್ನ ಕಡೆ ನೋಡಿದರು.

ಅಂದಿನಿಂದ ಪ್ರತಿ ಅರೆಗೂ ಕಾಗದ, ಅದರ ಮೇಲೆ ಹಳೇ ಪಂಚೆ, ಬೇವಿನೆಲೆ, ಬಜೆ, ನುಸಿಗುಳಿಗೆ. ಅವರ ಮೈಮೇಲೇ ಅಷ್ಟು ಬಟ್ಟೆಯಿಲ್ಲ! ಮೈಸೂರಿನಿಂದ ಬಂದ ಬೀಗರು ಬಾಗಿಲ ಪರದೆ ಹೊದ್ದು ಮಲಗಿದರು.

"ಬೀರು ತುಂಬಾ ದುಪ್ಪಟಿ ಇದೆಯಲ್ಲಾ?" ಎಂದರು ಪಾಪ.

"ಇದೆ. ಇರಲಿ ಅಂತಲೇ ಇಟ್ಟಿರೋದು," ಎಂದರು ಭಾವನವರು.

ಕೆಳಗಿನ ಅರೆಗೆ ಮಾತ್ರ ಈಚೆಗೆ ನುಸಿಗುಳಿಗೆ ಹಾಕಗೊಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಬೇಡ ಅಂದ್ರೆ ಬೇಡ!" ನುಸಿಗೂ ಒಂದು ಅರೆ ಬಿಟ್ಟುಕೊಟ್ಟರೇನೋ ಎಂದುಕೊಂಡೆ.

ಇವತ್ತು ಆಸ್ಪತ್ರೆಯಿಂದ ಮಗಳು ಕೂಸಿನೊಡನೆ ಬರುವವಳು. ಮನೆಯಲ್ಲಿ ಒಣಗಿದ ಮೆತ್ತನೆ ಬಟ್ಟೆ ಒಂದೂ ಇಲ್ಲ.

"ಭಾವ, ಬೀಗದ ಕೈ ಕೊಡಿ."

"ಈ ಮಳೇಲಾ? ಥಂಡಿ ನುಗ್ಗುತ್ತಮ್ಮಾ!"

"ಬೀರುವಿಗೆ ನೆಗಡಿಯಾದ್ರೆ ನಾನೇ ಕಷಾಯ ಕಾಸ್ತೀನಿ, ಕೊಡಿ!"

ಕೊಡಲಿಲ್ಲ. ಬೀಗದ ಕೈಯನ್ನು ಜನಿವಾರಕ್ಕೆ ಇನ್ನೊಂದು ಗಂಟು ಹಾಕಿ ಕಟ್ಟಿಕೊಂಡರು.

ಸಂಜೆ ಜಟಕಾ ಬಂತು. ಎರಚಲಿಗೆ ಕೂಸಿನ ಹೊದಿಕೆ ನೆನೆದಿತ್ತು. "ದೊಡ್ಡಪ್ಪಾ, ಮಗು ನಡುಗ್ತಾ ಇದೆ," ಎಂದಳು ಮಗಳು.

ಭಾವನವರು ಜನಿವಾರದ ಗಂಟು ಬಿಚ್ಚಿ ಬೀರು ತೆಗೆದು, ಕೆಳಗಿನ ಅರೆಯ ಮುಂದೆ ಮಂಡಿಯೂರಿದರು. ಅಲ್ಲಿದ್ದವೆಲ್ಲ ಹಳೇ ದುಪ್ಪಟಿಗಳು, ಒಗೆದೊಗೆದು ಬೆಣ್ಣೆಯಂತಾದವು. ಅಳತೆಗೆ ಕತ್ತರಿಸಿ, ಅಂಚು ಹೊಲಿದು ಮಡಿಸಿಟ್ಟಿದ್ದರು. ಹೊಲಿಗೆ ಸೊಟ್ಟಸೊಟ್ಟ.

"ಹೊಸದು ಚುಚ್ಚುತ್ತಮ್ಮಾ. ಇವಳು ಬಸುರಿ ಅಂತ ಸುದ್ದಿ ಬಂತಲ್ಲ, ಅವತ್ತೇ ಈ ಅರೆಯಿಂದ ಗುಳಿಗೆ ತೆಗೆದೆ. ಹಸುಗೂಸಿಗೆ ಆ ಘಾಟು ಆಗೋಲ್ಲ. ನೀನು ನೋಡಿದ್ರೆ, ಕೂಸು ಬರೋಕ್ಮುಂಚೇನೇ ಇವಕ್ಕೆ ಥಂಡಿ ಹಿಡಿಸೋಳು!"

ಮೇಲಿನದೊಂದನ್ನು ತೆಗೆದು ಕೂಸಿಗೆ ಸುತ್ತಿದೆ.

ರಾತ್ರಿ ಮಗಳಿಗೆ ಮೆಣಸಿನ ಸಾರು, ತುಪ್ಪ ಅನ್ನ. ನಮಗೆ ಹುರುಳಿಕಾಯಿ ಹುಳಿ, ಹಪ್ಪಳ. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಭಾವನವರು, ತೊಟ್ಟಿಲ ಹಗ್ಗ ಹಿಡಿದುಕೊಂಡೇ. ಹೊರಗೆ ಮಳೆ ಹೊಯ್ಯುತ್ತಿತ್ತು. ಬೀರುವಿನ ಬಾಗಿಲು ಹಾರುಹೊಡೆದು ತೆರೆದೇ ಇತ್ತು.