ಸದ್ದಿಲ್ಲದ ಕಾರೂ ತಣ್ಣಗಾದ ಮುದ್ದೆಯೂ

“ಸದ್ದು ಮಾಡ್ತದೆ ಅಂತ ಯಾರಾದ್ರೂ ಮನೆ ದನ ಮಾರ್ತಾರೇನೇ? ಬಾಗಿಲಿಗೆ ಬಂದು ಅಂಬಾ ಅಂದ್ರೇನೇ ಅದು ಹಸ. ಸದ್ದಿಲ್ದೆ ಬಂದು ನಿಂತ್ಕೊಳೋದು ಹಾಯೋ ದನ, ಇಲ್ಲಾ ಕಾಯಿಲೆ ದನ. ಕಾರೂ ಅಷ್ಟೇ ಕಣೇ. ಒಂದು ಬಾಗಿಲು ತೆಗೆಯೋಕೆ ಬರಲ್ಲ, ಇನ್ನೊಂದು ಹಾಕೋಕೆ ಬರಲ್ಲ, ಸರಿಗೆ ಸರಿ ಆಯ್ತಲ್ಲ. ಗಾಜು ಇಳ್ಸಿದ್ರೆ ಏರಲ್ಲ, ಅದಕ್ಕೇ ಇಳ್ಸೇ ಮಡಗಿದೀನಿ. ಮಳೇಲಿ ವೈಪರ್ ಆಡಲ್ಲ, ಮಳೇಲಿ ನಾನೂ ಆಚೆ ಹೋಗಲ್ಲ. ಸೈಲೆನ್ಸರ್ ತೂತು ಬಿದ್ದೈತೆ, ಬೀಳ್ಲಿ ಬುಡು. ಕೋರದಿಂದ ಹಾಗಲವಾಡಿ ಗಂಟ ಯಾವ ಊರಿಗೆ ಹೋದ್ರೂ ನಾನು ಹಾರನ್ ಒತ್ತೋಕೆ ಮುಂಚೇನೇ ‘ರಂಗಣ್ಣ ಬಂದ’ ಅಂತ ಜನ ಎದ್ದು ನಿಂತ್ಕೋತಾರೆ. ಇಂಥ ಗಾಡೀನ ಮಾರು ಅಂತೀಯಲ್ಲ, ಹೆಂಗ್ ಬಂತು ನಿನಗೆ ಬಾಯಿ?”

ಇದು ನಮ್ಮ ಯಜಮಾನರು ದೊಡ್ಡರಂಗಯ್ಯನವರು ತಮ್ಮ ಬಿಳಿ ಕಾರಿನ ಪರವಾಗಿ ಮಂಡಿಸಿದ ವಾದ. ಬಿಳಿ ಅಂದರೆ ಕೊಂಡಾಗ ಬಿಳಿ.

ಅವರ ಕಸುಬು ದನ ನೋಡಿಕೊಡುವುದು. ಹಸುವೋ ಎತ್ತೋ ಕೊಳ್ಳುವವರು ಇವರನ್ನು ಕರೆಯುತ್ತಾರೆ. ಇವರು ಹೋಗಿ ಹಲ್ಲು ನೋಡಿ, ಸುಳಿ ನೋಡಿ, ಕೆಚ್ಚಲು ಮುಟ್ಟಿ, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ ಬರುತ್ತಾರೆ. ಎಪ್ಪತ್ತು ದಾಟಿದರೂ ಬಿಟ್ಟಿಲ್ಲ. ಬೆಳಿಗ್ಗೆ ತುಮಕೂರಿನ ಮನೆ ಬಿಟ್ಟರೆ ಊಟಕ್ಕೇ ವಾಪಸ್ಸು. ಆ ಊಟದ ಹೊತ್ತು ಅನ್ನುವುದು ಹನ್ನೆರಡಕ್ಕೂ ಬರಬಹುದು, ಮೂರಕ್ಕೂ ಬರಬಹುದು.

“ಹೊರಡೋವಾಗ ಒಂದು ಫೋನ್ ಮಾಡಬಾರದಾ?” ಅಂದರೆ, “ನನ್ನ ಮನೆಗೆ ಬರೋಕೆ ಫೋನ್ ಮಾಡ್ಕೊಂಡು ಬರೋಕೆ ನಾನೇನು ನೆಂಟನಾ?” ಅನ್ನುತ್ತಾರೆ.

ಹೀಗಿರುವಾಗ ಕುಣಿಗಲ್ಲಿನಲ್ಲಿ ನನ್ನ ತಂಗಿಯ ಮೊಮ್ಮಗುವನ್ನು ನೋಡಲು ಹೋದೆವು. ಇಡೀ ಬೆಳಗು ಅತ್ತ ಮಗು ಆಗಷ್ಟೇ ತೊಟ್ಟಿಲಲ್ಲಿ ಕಣ್ಣು ಮುಚ್ಚಿತ್ತಂತೆ. ನಮ್ಮ ಕಾರು ಬೀದಿಗೆ ತಿರುಗಿತು. ಮಗು ಎದ್ದಿತು, ನಾಯಿ ಎದ್ದಿತು, ಮಲಗಿದ್ದ ತಂಗಿಯ ಬೀಗರೂ ಎದ್ದರು. ಬೀಗರು ಕಣ್ಣುಜ್ಜಿಕೊಳ್ಳುತ್ತಾ, “ಬೋರ್‌ವೆಲ್ ಲಾರಿ ನಮ್ಮ ಮನೆಗೆ ಯಾಕೆ ಬಂತು?” ಅಂತ ಕೇಳಿದರು. ನಾನು ಆ ಬೋರ್‌ವೆಲ್ ಲಾರಿಯಿಂದ ಕೈಯಲ್ಲಿ ಬೆಳ್ಳಿ ಬಟ್ಟಲು ಹಿಡಿದು ಇಳಿದೆ.

ಅಂದೇ ನನ್ನ ಭೀಷ್ಮಪ್ರತಿಜ್ಞೆ ಆಯಿತು. “ಇನ್ನು ಈ ಕಾರಿಗೆ ನಾನು ಕಾಲಿಡಲ್ಲ. ಹೊಸದು ತಗೊಳ್ಳಿ. ಅದು ಹೆಂಗಿರಬೇಕು ಅಂದ್ರೆ, ಬಂದಿದ್ದು ಅದಕ್ಕೇ ಗೊತ್ತಾಗಬಾರದು.”

ಅಸ್ತು ಅನ್ನುವ ದೇವತೆಗಳು ಆ ಹೊತ್ತಿಗೆ ಕುಣಿಗಲ್ ಕೆರೆ ಏರಿಯ ಮೇಲೇ ಹಾದುಹೋಗುತ್ತಿದ್ದಿರಬೇಕು.

ಯಜಮಾನರು ಯಡಿಯೂರು ಕಡೆಯಿಂದ ಬರುತ್ತಿದ್ದ ಬಸ್ಸಿಗೆ ನನ್ನನ್ನು ಹತ್ತಿಸಿ ತಾವು ಕಾರಿನಲ್ಲಿ ಬಂದರು. ಮೂರು ದಿನ ವಾದ ಮಾಡಿದರು. ನಾಲ್ಕನೇ ದಿನ, “ಆಗ್ಲಿ ಬುಡು. ಈ ಸದ್ದು ನಿನಗೇ ಬ್ಯಾಡ ಅಂದ್ಮೇಲೆ ಇನ್ಯಾರಿಗೆ ಬೇಕು” ಅಂದರು. ಗೆದ್ದೆ ಅಂದುಕೊಂಡೆ.

ಶೋರೂಮಿನಲ್ಲಿ ರವೀಶ್ ಅಂತ ಒಬ್ಬ ಟೈ ಕಟ್ಟಿದ ಹುಡುಗ ನಮ್ಮನ್ನು ಎದುರುಗೊಂಡ. ಯಜಮಾನರು ಕಾರನ್ನು ಬಲಗಡೆಯಿಂದ ಒಂದು ಸುತ್ತು, ಎಡಗಡೆಯಿಂದ ಒಂದು ಸುತ್ತು ಬಂದರು. ಹಿಂಭಾಗವನ್ನು ತಟ್ಟಿದರು. ಅದು ಒದೆಯಲಿಲ್ಲ.

“ಬಾಯಿ ತೆಗ್ಸಪ್ಪ” ಅಂದರು.

ರವೀಶ ತನ್ನ ಬಾಯಿ ತೆಗೆದ. ಆಮೇಲೆ ಅರ್ಥವಾಗಿ ಬಾನೆಟ್ ಎತ್ತಿದ.

“ಹೊಟ್ಟೇಲಿ ಎಂಜಿನ್ನೇ ಇಲ್ವಲ್ಲಪ್ಪ. ಮೇವು ಏನು ಇದಕ್ಕೆ?”

“ಇದು ಕರೆಂಟ್ ಕಾರು ಸಾರ್. ರಾತ್ರಿ ಮನೆ ಮುಂದೆ ಕಟ್ಟಾಕಿ ವೈರ್ ಸಿಗ್ಸಿದ್ರೆ ಬೆಳಿಗ್ಗೆಗೆ ಹೊಟ್ಟೆ ತುಂಬಿರ್ತದೆ.”

ಹುಡುಗನಿಗೆ ಭಾಷೆ ಬಂತು ಅಂತ ಇವರಿಗೆ ಖುಷಿಯಾಯಿತು. ಖುಷಿಯಲ್ಲಿ ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಮೇಲೆ ಹಾಸಿ, ಒಳಗೆ ಕೈ ಹಾಕಿ ಬೆರಳು ಹಿಡಿದುಬಿಟ್ಟರು. ಹುಡುಗ ಬೆವರಿದ.

“ಸಾರ್, ಕೈ ಬಿಡಿ ಸಾರ್. ಮ್ಯಾನೇಜರ್ ನೋಡ್ತಾವ್ರೆ.”

“ಎಷ್ಟು ಇಳಿಸ್ತೀಯ, ಬೆರಳಲ್ಲಿ ಹೇಳು.”

“ಆಫರ್ ಐತೆ ಸಾರ್, ಬಾಯಲ್ಲೇ ಹೇಳ್ತೀನಿ.”

“ವ್ಯಾಪಾರ ಬಾಯಲ್ಲಿ ಮಾಡೋದಾ? ಅಕ್ಕಪಕ್ಕದೋರು ಕೇಳಿಸ್ಕೊಳಲ್ವಾ?”

ಅಷ್ಟು ಹೊತ್ತು ಬೆರಳು ಅಮುಕಿದ್ದಕ್ಕೆ ಕೊನೆಗೆ ರಬ್ಬರ್ ಮ್ಯಾಟು ಪುಕ್ಕಟೆ ಸಿಕ್ಕಿತು. ನನ್ನದು ಒಂದೇ ಪ್ರಶ್ನೆ. “ಸದ್ದು ಎಷ್ಟು ಮಾಡ್ತದಪ್ಪ?”

“ಸ್ಟಾರ್ಟ್ ಆಗೇ ನಿಂತೈತೆ ಅಜ್ಜಿ. ಕೇಳ್ತೈತಾ?”

ಕಿವಿಗೊಟ್ಟೆ. ನನ್ನ ಓದು ಮೂರನೇ ಕ್ಲಾಸಿಗೇ ನಿಂತರೂ ಕಿವಿಗೆ ಮಾತ್ರ ಡಬಲ್ ಡಿಗ್ರಿ ಆಗಿದೆ. ಪಕ್ಕದ ಮನೆ ಚಾಂದ್ ಬೀಯ ಒಲೆ ಮೇಲೆ ಹಾಲು ಉಕ್ಕುವ ಮುಂಚೆ ಗೋಡೆಯ ಈಚೆಯಿಂದ ಕೂಗಿ ಹೇಳುವವಳು ನಾನು. ಅಂಥ ಕಿವಿಗೇ ಏನೂ ಕೇಳಿಸಲಿಲ್ಲ. ಅಲ್ಲೇ ಒಪ್ಪಿಬಿಟ್ಟೆ.

ಹಳೇ ಕಾರನ್ನು ಇಷ್ಟು ವರ್ಷ ಅದರ ರಿಪೇರಿ ಮಾಡುತ್ತಿದ್ದ ಗ್ಯಾರೇಜಿನ ಏಜಾಜ್ ಅಹಮದರೇ ಕೊಂಡರು. ಅವರು ಅದನ್ನು ಹೊಡೆದುಕೊಂಡು ಹೋದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಬೀದಿ ಮುಗಿಯುವಲ್ಲಿ ಒಂದು ಅರಳಿಕಟ್ಟೆ, ಅಲ್ಲೊಂದು ತಿರುವು. ಕಾರು ಅಲ್ಲಿ ಮರೆಯಾಯಿತು. ಸದ್ದು ಮಾತ್ರ ಇನ್ನೂ ಗುಬ್ಬಿ ರಸ್ತೆಯುದ್ದಕ್ಕೂ ಕೇಳುತ್ತಿತ್ತು. ಅದು ಪೂರ್ತಿ ಅಡಗುವ ತನಕ ನಿಂತೇ ಇದ್ದೆ. ಯಾಕೆ ನಿಂತೆ ಅಂತ ಆಗ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನ ಮುದ್ದೆ ತಿಳಿಸಿತು.

ಯಜಮಾನರಿಗೆ ಮುದ್ದೆ ಬಿಸಿಯಿರಬೇಕು. ಬಿಸಿ ಅಂದರೆ ಮುರಿದರೆ ಬೆರಳು ಸುಡಬೇಕು. ಎಸರು ಕುದಿಸಿಟ್ಟುಕೊಂಡು ನಾನು ಕಾಯುತ್ತಿದ್ದೆ. ಅರಳಿಕಟ್ಟೆ ತಿರುವಿನಲ್ಲಿ ಬಿಳಿ ಕಾರು ಗುಡುಗಿದ ಕೂಡಲೇ ಹಿಟ್ಟು ಸುರಿಯುತ್ತಿದ್ದೆ. ಅವರು ಅಲ್ಲಿ ನಿಂತು ಎಲೆ ಅಡಿಕೆ ಕೊಂಡು, ಕಟ್ಟೆಯ ಮೇಲಿನ ನಾಲ್ಕು ಜನರ ಹತ್ತಿರ ಮಾತಾಡಿ, ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಹಿಟ್ಟು ಬೆಂದು, ತೊಳಸಿ, ಮುದ್ದೆ ಕಟ್ಟಿ ತಟ್ಟೆಯಲ್ಲಿ ಕೂರುತ್ತಿತ್ತು.

ಹೊಸ ಕಾರಿನ ಮೊದಲ ದಿನ ಎಸರು ಮರಳುತ್ತಲೇ ಇತ್ತು. ಕಿವಿ ತಿರುವಿನಲ್ಲೇ ಇತ್ತು. ಸಾಕಾಗಿ ಹೊರಗೆ ಬಂದು ನೋಡಿದರೆ ಯಜಮಾನರು ನಡುಮನೆಯಲ್ಲಿ ಕೂತಿದ್ದಾರೆ.

“ಯಾವಾಗ ಬಂದ್ರಿ?”

“ಆಗ್ಲೇ. ಮುದ್ದೆ?”

ಮರುದಿನ ಅಂದಾಜಿನ ಮೇಲೆ ಹಿಟ್ಟು ಹಾಕಿದೆ. ಅವರು ಮೂರು ಗಂಟೆಗೆ ಬಂದರು. ಮುದ್ದೆಯನ್ನು ಒಮ್ಮೆ ಒತ್ತಿ ನೋಡಿ, “ಇದ್ರಲ್ಲಿ ಹೊಡೆದ್ರೆ ಹೋರಿ ಬೀಳ್ತದೆ ಕಣೇ” ಅಂದರು. ಆದರೂ ತಿಂದರು. ತಿಂದದ್ದೇ ನನಗೆ ಹೆಚ್ಚು ಸಂಕಟವಾಯಿತು.

ಬರೀ ಮುದ್ದೆಯ ಮಾತಾಗಿದ್ದರೆ ಹೇಗೋ ಆಗುತ್ತಿತ್ತು. ಆ ಸದ್ದಿಗೂ ಇವರ ಚಪ್ಪಲಿಯ ಸದ್ದಿಗೂ ನಡುವೆ ಒಂದಿಷ್ಟು ಹೊತ್ತು ಇತ್ತಲ್ಲ, ಅದು ನನ್ನದಾಗಿತ್ತು. ಹಿಟ್ಟು ಬೇಯಲು ಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಬಚ್ಚಲಿಗೆ ನೀರಿಡುತ್ತಿದ್ದೆ, ತಟ್ಟೆ ಒರೆಸುತ್ತಿದ್ದೆ. ಬಂದರು ಅನ್ನುವುದರಲ್ಲಿ ಏನಿದೆ? ಬರ್ತಾ ಅವ್ರೆ ಅನ್ನುವುದರಲ್ಲಿದೆ ಎಲ್ಲಾ. ಇಷ್ಟು ವರ್ಷ ದಿನಕ್ಕೊಂದು ಸಲ ನನ್ನ ಗಂಡ ಮನೆಗೆ ಬರುತ್ತಿದ್ದರು. ಈಗ ಬರುವುದೇ ಇಲ್ಲ. ಇದ್ದಕ್ಕಿದ್ದಂತೆ ಇರುತ್ತಾರೆ, ಅಷ್ಟೆ.

ಹಾಗಂತ ಬಾಯಿಬಿಟ್ಟು ಹೇಳುವುದು ಹೇಗೆ? ಸದ್ದು ಬೇಡ ಅಂತ ಪ್ರತಿಜ್ಞೆ ಮಾಡಿದ ಭೀಷ್ಮ ನಾನೇ ತಾನೇ.

ಆ ವಾರ ನಮ್ಮ ಬೀದಿಯ ಕಸದ ಗಾಡಿಯ ಮೈಕು ಕೆಟ್ಟು, ಗಾಡಿಯವನು ಕೈಗಂಟೆ ಬಾರಿಸಿಕೊಂಡು ಬರತೊಡಗಿದ. ತಿರುವಿನಿಂದಲೇ ಅದು ಠಣ್ ಠಣ್ ಅಂತ ಕೇಳುತ್ತಿತ್ತು. ಚಾಂದ್ ಬೀ ಬಕೆಟ್ಟು ಹಿಡಿದು ಓಡುತ್ತಿದ್ದಳು. ನನಗೆ ಹೊಳೆಯಿತು. ಹಿಂದೆ ನಮ್ಮ ಮನೆಯಲ್ಲಿದ್ದ ಕೆಂದ ಅನ್ನುವ ಎತ್ತಿನ ಕೊರಳಗಂಟೆಯನ್ನು ಅಟ್ಟದಿಂದ ಇಳಿಸಿದೆ. ಯಜಮಾನರು ಸ್ನಾನಕ್ಕೆ ಹೋದಾಗ ಹೊಸ ಕಾರಿನ ಡ್ರೈವರ್ ಸೀಟಿನ ಅಡಿಗೆ ಕೈ ತೂರಿಸಿ, ಒಳಗಿನ ಕಂಬಿಗೆ ಭದ್ರವಾಗಿ ಕಟ್ಟಿದೆ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮಧ್ಯಾಹ್ನ ಒಂದೂ ಠಣ್ ಕೇಳಲಿಲ್ಲ. ಯಜಮಾನರು ತಲೆ ಹಿಡಿದುಕೊಂಡು ಒಳಗೆ ಬಂದರು.

“ಹಂಪು ಎಗರಿದಾಗೆಲ್ಲ ಕಾರಲ್ಲಿ ಏನೋ ಠಣ್ ಅಂತೈತೆ ಕಣೇ.”

“ಆಚೆಗೂ ಕೇಳ್ತದಾ?”

“ಆಚೆಗೆ ಹೆಂಗ್ ಕೇಳ್ತದೆ? ಗಾಜು ಏರ್ಸಿರ್ತೀನಿ, ಏಸಿ ಹಾಕಿರ್ತೀನಿ.”

“ಗಾಜು ಇಳಿಸ್ಕೊಂಡು ಬರಬಾರದಾ, ಗಾಳಿ ಒಳ್ಳೇದು.”

“ಈ ಜನ್ಮಕ್ಕೆ ಈಗ ಗಾಜು ಏರೋ ಕಾರು ಸಿಕ್ಕೈತೆ, ಇಳ್ಸು ಅಂತೀಯಲ್ಲ.”

ಕಾರು ಶೋರೂಮಿಗೆ ಹೋಯಿತು. ಕಂಪ್ಯೂಟರಿಗೆ ಕಟ್ಟಿ ನೋಡಿದರಂತೆ. ಅದು ಆರೋಗ್ಯವಾಗಿದೆ ಅಂದಿತಂತೆ. ಮುಂದಿನ ಮೀಟರು ಬಿಚ್ಚಿದರು, ಬಾಗಿಲು ಬಿಚ್ಚಿದರು, ಸೀಟು ಬಿಚ್ಚಲಿಲ್ಲ. ನಯವಾದ ನೆಲದ ಮೇಲೆ ಸಣಕಲು ಹುಡುಗರು ಓಡಿಸಿದರೆ ಗಂಟೆ ಅಲ್ಲಾಡಬೇಕಲ್ಲ? ಅದಕ್ಕೆ ನಮ್ಮ ಯಜಮಾನರ ತೂಕವೂ ಬೇಕು, ಗುಬ್ಬಿ ರಸ್ತೆಯ ಹಂಪೂ ಬೇಕು. ಕಾರು ವಾಪಸ್ಸು ಕೊಡುವಾಗ ರವೀಶ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. “ಗಾಡೀಲಿ ಏನೂ ಇಲ್ಲ ಅಜ್ಜಿ. ತಾತಂಗೆ ಒಂದ್ಸಲ ಕಿವಿ ಡಾಕ್ಟ್ರ ಹತ್ರ ತೋರ್ಸಿ.”

ಮೆಲ್ಲಗೆ ಹೇಳಿದ್ದು ಅವರಿಗೂ ಕೇಳಿಸಿತ್ತು.

ಮರುದಿನ ಹಾಗಲವಾಡಿಯಿಂದ ಜುಂಜಪ್ಪ ಅನ್ನುವವರು ಎತ್ತು ನೋಡಲು ಬನ್ನಿ ಅಂತ ಫೋನ್ ಮಾಡಿದರು. ಇವರು, “ಇನ್ನು ನಾನು ಬರಲ್ಲ ಕಣಪ್ಪ, ಬೇರೆ ಯಾರನ್ನಾದ್ರೂ ನೋಡ್ಕಳಿ” ಅಂದುಬಿಟ್ಟರು. ಮದುವೆಯಾದಾಗಿನಿಂದ ಒಬ್ಬರಿಗೂ ಆ ಮಾತು ಹೇಳಿದವರಲ್ಲ. ಜಗಲಿಯಲ್ಲಿ ಕೂತು ತಿರುವಿನ ಕಡೆಗೇ ನೋಡುತ್ತಿದ್ದರು.

“ಯಾಕ್ರೀ?”

“ನಂಗೇ ಏನೋ ಆಗೈತೆ ಕಣೇ. ನಮ್ಮಪ್ಪಂಗೂ ಕೊನೇಗಾಲದಲ್ಲಿ ಹಿಂಗೇ ಗಂಟೆ ಕೇಳ್ತಿತ್ತು. ನಾನೂ ಎಷ್ಟು ದನದ ಗಂಟೆ ಕೇಳಿಲ್ಲ? ಇದು ಎತ್ತಿಂದಲ್ಲ. ಕೋಣನ ಗಂಟೆ ಇದ್ದಂಗೈತೆ.”

ಯಾರು ಕೋಣದ ಮೇಲೆ ಬರುತ್ತಾರೆ ಅಂತ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ನೆಟ್ಟಗೆ ಕಾರಿನ ಹತ್ತಿರ ಹೋಗಿ, ಸೀಟಿನ ಅಡಿಗೆ ಕೈ ಹಾಕಿ, ಗಂಟು ಬಿಚ್ಚಿ, ಗಂಟೆಯನ್ನು ತಂದು ಅವರ ಮುಂದಿಟ್ಟೆ.

ಅವರು ಅದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಕೆಂದಂದು.”

“ಹೂಂ.”

“ನೀನೇನಾ?”

“ನೀವು ಬರೋದು ಕೇಳ್ತಿರಲಿಲ್ಲ. ಅದಕ್ಕೆ.”

ಬೈಯುತ್ತಾರೆ ಅಂತ ಕಾದೆ. ಗುಬ್ಬಿ ತಾಲ್ಲೂಕಿನ ಎಲ್ಲ ಹಟ್ಟಿಯಲ್ಲೂ ಇದನ್ನು ಹೇಳಿ ನಗಿಸುತ್ತಾರೆ ಅಂತಲೂ ಕಾದೆ. ಅವರು ಗಂಟೆಯನ್ನು ಜೇಬಿಗೆ ಹಾಕಿಕೊಂಡು ಎದ್ದರು. “ನಡಿ. ಆ ಹಳೇದನ್ನೇ ವಾಪಸ್ ಕೇಳಾನ.”

ಏಜಾಜರ ಗ್ಯಾರೇಜಿಗೆ ಹೋದೆವು. ಬಿಳಿ ಕಾರು ಅಲ್ಲೇ ನಿಂತಿತ್ತು. ನಿಜಕ್ಕೂ ಬಿಳಿಯಾಗಿತ್ತು. ಏಜಾಜರು ಹೆಮ್ಮೆಯಿಂದ ಕೀಲಿ ತಿರುಗಿಸಿದರು. ನಾನು ಸೆರಗು ಸರಿಮಾಡಿಕೊಂಡೆ. ಕಾರು ತೊಟ್ಟಿಲ ಮಗುವಿನ ಹಾಗೆ ಉಸಿರಾಡಿತು.

“ಎಲ್ಲಿ ಸದ್ದು?” ಅಂದೆ.

“ಹೊಸ ಸೈಲೆನ್ಸರ್ ಹಾಕ್ದೆ ಅಮ್ಮಾ. ಅರ್ಧ ಗಂಟೆ ಕೆಲ್ಸ.”

“ಅರ್ಧ ಗಂಟೆ ಕೆಲಸಾನ ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ಮತ್ತೆ?”

“ನಾನೆಲ್ಲಿ ಬ್ಯಾಡ ಅಂದೆ? ಸರ್ವೀಸಿಗೆ ಬಂದಾಗೆಲ್ಲ ಕೇಳಿದೀನಿ. ‘ಬ್ಯಾಡ ಏಜಾಜು, ತಿರುವಲ್ಲಿ ಇದ್ರ ಸದ್ದು ಕೇಳಿದ್ಮೇಲೇ ನಮ್ಮವಳು ಹಿಟ್ಟು ಹಾಕೋದು’ ಅಂತಿದ್ರು ಯಜಮಾನ್ರು. ಒಂದ್ಸಲ ಅವರನ್ನ ಕೇಳದೇನೇ ತೂತು ಮುಚ್ಚಿ ಕಳ್ಸಿದ್ದೆ. ಮಾರನೇ ದಿನ ಬಂದು ಬೈದು ಬಿಚ್ಚಿಸ್ಕೊಂಡು ಹೋದ್ರು.”

ಯಜಮಾನರು ಗ್ಯಾರೇಜಿನ ಸೂರಿನ ಮೇಲೆ ಕೂತ ಕಾಗೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ನನ್ನ ಡಬಲ್ ಡಿಗ್ರಿ ಕಿವಿಗಳು ಎರಡೂ ಬಿಸಿಯಾದವು. ಜಿಪುಣ ಅಂದುಕೊಂಡಿದ್ದೆನಲ್ಲ ಇಷ್ಟು ವರ್ಷ. ಬೀದಿಯ ಹಾಲೆಲ್ಲ ಉಕ್ಕುವುದು ಕೇಳಿಸುತ್ತಿತ್ತು, ಇದೊಂದು ಕೇಳಿಸಿರಲಿಲ್ಲ.

ಹಳೇ ಕಾರನ್ನು ಕೇಳಲಿಲ್ಲ. ಸದ್ದೇ ಹೋದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಇಬ್ಬರೂ ಹೊಸದರಲ್ಲೇ ಮನೆಗೆ ಬಂದೆವು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಅವರು ಜುಂಜಪ್ಪನ ಎತ್ತು ನೋಡಲು ಹೋದರು. ನಾನು ಎಸರಿಟ್ಟು ಕೂತೆ. ನೀರು ಕುದಿಯಿತು. ಉರಿ ತಗ್ಗಿಸಿದೆ. ಮತ್ತೆ ಏರಿಸಿದೆ. ಅಷ್ಟರಲ್ಲಿ ಅರಳಿಕಟ್ಟೆಯ ಕಡೆಯಿಂದ ಠಣ್ ಠಣ್ ಠಣ್ ಅಂತ ಕೇಳಿತು. ಕಿಟಕಿಯಲ್ಲಿ ಇಣುಕಿದೆ. ಹೊಸ ಕಾರು ನಿಧಾನವಾಗಿ ತಿರುಗುತ್ತಿತ್ತು. ಗಾಜು ಪೂರ್ತಿ ಇಳಿದಿತ್ತು. ಯಜಮಾನರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯನ್ನು ಆಚೆ ಚಾಚಿ, ಮುಖ ಬಿಗಿದುಕೊಂಡು ಕೆಂದನ ಗಂಟೆ ಬಾರಿಸುತ್ತಿದ್ದರು.

ಪಕ್ಕದ ಬಾಗಿಲು ತೆರೆಯಿತು. ಚಾಂದ್ ಬೀ ಬಕೆಟ್ಟು ಹಿಡಿದು ಓಡಿಬಂದು, ಲಕ್ಷಗಟ್ಟಲೆಯ ಕಾರಿಗೆ ಅಡ್ಡ ನಿಂತಳು.

“ನಿಲ್ಸಿ, ನಿಲ್ಸಿ. ಹಸಿ ಕಸ ಇವತ್ತೇ ತಗೋತೀರಾ?”

“ಕಸ ತಗೊಳಲ್ಲ ಕಣಮ್ಮ” ಅಂತ ಯಜಮಾನರು ಹೇಳುವುದು ಕೇಳಿಸಿತು, “ಬರೀ ಮುದ್ದೆ.”

ಮುಂದಿನದನ್ನು ನೋಡುತ್ತಾ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಉರಿ ಸಣ್ಣ ಮಾಡಿ, ತಟ್ಟೆ ಒರೆಸತೊಡಗಿದೆ.