ನಾನು ತನ್ವಿ ಅಲ್ಲ

ಜಗಳ ಬಗೆಹರಿಸುವುದರಲ್ಲಿ ನನ್ನನ್ನು ಮೀರಿಸುವ ಗಂಡು ಗೋವಾದ ವೆರ್ಣಾ ಕೈಗಾರಿಕಾ ವಸಾಹತಿಗೆ ಇನ್ನೂ ಕಾಲಿಟ್ಟಿಲ್ಲ. ಇದು ಹೊಗಳಿಕೆಯಲ್ಲ, ನನ್ನ ಬಗ್ಗೆ ನನ್ನದೇ ಪ್ರಾಮಾಣಿಕ ಅಭಿಪ್ರಾಯ! ಅಲ್ಲಿನ ಕಾರ್ಖಾನೆಯೊಂದರಲ್ಲಿ ನಾನು ಎಚ್‌ಆರ್ ಮ್ಯಾನೇಜರು. ಕ್ಯಾಂಟೀನಿನ ಸಾರಿಗೆ ಉಪ್ಪು ಜಾಸ್ತಿಯಾದ ಗಲಾಟೆಯಿರಲಿ, ಕಂಪನಿ ಬಸ್ಸಿನ ಕಿಟಕಿ ಸೀಟಿನ ವ್ಯಾಜ್ಯವಿರಲಿ, ಎಲ್ಲಕ್ಕೂ ನನ್ನ ಬಳಿ ಒಂದೇ ಔಷಧ. ನೋಟೀಸು! ‘ಏಳು ದಿನಗಳೊಳಗಾಗಿ ಲಿಖಿತ ವಿವರಣೆ ನೀಡತಕ್ಕದ್ದು’ ಎಂಬ ಒಂದು ಸಾಲಿಗೆ ಎಂಥ ಶೂರನ ಮೀಸೆಯೂ ಕೆಳಗಿಳಿಯುತ್ತದೆ.

ಹಾಗಾಗಿ ಮಗಳು ತನ್ವಿಯ ಮೇಲೆ ಇಂಟರ್‌ನೆಟ್ಟಿನಲ್ಲಿ ಮೋಸದ ಆರೋಪ ಬಂದಾಗ ನಾನು ಹೆಂಡತಿಗೆ ಎದೆ ತಟ್ಟಿ ಹೇಳಿದೆ: “ವಿದ್ಯಾ, ಇದನ್ನ ನನಗ ಬಿಡು. ಒಂದು ಸಂಜೀ ಕೆಲಸ.”

“ನೀವು ಸುಮ್ಮನ ಕೂತ್ರ ಅರ್ಧ ಸಂಜೀ ಒಳಗ ಮುಗೀತದ,” ಎಂದಳು ವಿದ್ಯಾ.

ಆರೋಪ ಏನೆಂದು ಹೇಳಬೇಕಲ್ಲ. ತನ್ವಿ ಫೋಂಡಾದ ಕಾಲೇಜಿನಲ್ಲಿ ಓದುತ್ತಾಳೆ. ಓದದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತಾಳೆ. ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುವುದು, ಎದುರಾದವರನ್ನೆಲ್ಲ ಹೊಡೆದುರುಳಿಸುವುದು, ಕೊನೆಗೆ ಉಳಿದವರು ಗೆದ್ದರು, ಇಷ್ಟೇ ಆಟ. ಅವಳು ಆಡುವುದನ್ನು ಲೈವ್ ಆಗಿ ಸಾವಿರಾರು ಜನ ನೋಡುತ್ತಾರೆ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಅವಳ ಮುಖ, ಉಳಿದದ್ದೆಲ್ಲ ಯುದ್ಧಭೂಮಿ.

“ಮತ್ತೊಬ್ಬರು ಆಡೋದನ್ನ ಕೂತು ನೋಡೋದರಾಗ ಏನು ಸುಖ ಅದ?” ಎಂದು ನಾನೊಮ್ಮೆ ಕೇಳಿದ್ದೆ.

“ನೀವು ದಿನಾ ಕ್ರಿಕೆಟ್ ನೋಡ್ತೀರಲ್ಲ, ಪ್ಯಾಡ್ ಕಟಗೊಂಡು ಕೂತಿರ್ತೀರೇನು?” ಎಂದಿದ್ದಳು ವಿದ್ಯಾ.

ನಿಜ ಹೇಳಬೇಕೆಂದರೆ ಜನ ಬರುತ್ತಿದ್ದುದು ಅವಳ ಗುಂಡಿಗಿಂತ ಹೆಚ್ಚಾಗಿ ಮಾತಿಗೆ. “ಏ ತಮ್ಮಾ, ಗ್ವಾಡಿ ಹಿಂದ ಯಾಕ ಅಡಗೀದಿ? ಬಾ ಹೊರಗ, ಚಾ ಕುಡದು ಹೋಗೀಯಂತ!” ಅನ್ನುವಳು. ಪಾಪ, ಅವನು ಹೊರಗೆ ಬಂದರೆ ಚಹದ ಬದಲು ಗುಂಡು! ವಾಸ್ಕೋ, ದಾಬೋಲಿಮ್ ಕಡೆ ಕಟ್ಟಡದ ಕೆಲಸ ಮುಗಿಸಿ ಬಂದ ನಮ್ಮ ವಿಜಯಪುರ, ಬಾಗಲಕೋಟೆಯ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇದನ್ನು ಕೇಳುತ್ತಿದ್ದರು. ಇಡೀ ದಿನ ಹಿಂದಿ, ಕೊಂಕಣಿಯಲ್ಲಿ ಬೈಸಿಕೊಂಡ ಕಿವಿಗಳಿಗೆ ತಮ್ಮೂರ ಮಾತು ಬೀಳುತ್ತಿತ್ತಲ್ಲ! ಎಲ್ಲರೂ ಅವಳಿಗೆ ‘ತಂಗಿ’ ಅನ್ನುವವರೇ.

ಈ ನಡುವೆ ಯಾರೋ ಪುಣ್ಯಾತ್ಮ ಅನುಮಾನದ ಕಡ್ಡಿ ಗೀರಿದ. ಈ ಹುಡುಗಿ ಬರೀ ಮಾತಾಡುತ್ತಾಳೆ, ಆಟ ಆಡುವವನು ಪಕ್ಕದಲ್ಲಿ ಕೂತ ಬೇರೆ ಯಾರೋ ಗಂಡಸು ಎಂದ. ಬೆಂಕಿ ಹತ್ತಿತು. ಪುಣೆಯ ತಂಡವೊಂದು ತನ್ವಿಯನ್ನು ದೊಡ್ಡ ಪಂದ್ಯಾವಳಿಗೆ ಸೇರಿಸಿಕೊಳ್ಳುವುದರಲ್ಲಿತ್ತು. ‘ಭಾನುವಾರ ಸಂಜೆ ಹೆಸರು ಪ್ರಕಟಿಸುತ್ತೇವೆ. ಅಷ್ಟರೊಳಗೆ ಈ ಕಳಂಕ ತೊಳೆದುಕೋ, ಇಲ್ಲವಾದರೆ ನಿನ್ನ ಜಾಗ ಇನ್ನೊಬ್ಬರಿಗೆ’ ಎಂದು ತಂಡದವರು ಹೇಳಿಬಿಟ್ಟರು. ಎರಡು ವರ್ಷದಿಂದ ಆ ಜಾಗಕ್ಕಾಗಿ ಕಾದವಳು ಅವಳು. ಆ ದಿನ ಊಟದ ತಾಟನ್ನು ಮುಟ್ಟದೆ ಎದ್ದು ಹೋದಳು.

ಅವಳ ಯೋಜನೆ ಸರಳವಾಗಿತ್ತು. ಭಾನುವಾರ ಮಧ್ಯಾಹ್ನ ಕೈಗಳೂ ಕಾಣುವ ಹಾಗೆ ಇನ್ನೊಂದು ಕ್ಯಾಮೆರಾ ಇಟ್ಟು ಆಡುವುದು. ಅಷ್ಟೇ!

ನಾನು ಸುಮ್ಮನಿದ್ದಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಶನಿವಾರ ತಾಯಿ ಮಗಳು ಪೇಟೆಗೆ ಹೋದರು. ತನ್ವಿಯ ಲ್ಯಾಪ್‌ಟಾಪ್ ಹಾಲ್‌ನಲ್ಲಿ ತೆರೆದೇ ಇತ್ತು. ಕಮೆಂಟುಗಳನ್ನು ಓದಿದೆ. ‘ದಾಬೋಲಿಮ್ ಯಮನೂರ’ ಎಂಬವನು ಬರೆದಿದ್ದ: “ನಮ್ಮ ಮನಿ ಹುಡುಗಿ ಅಂತ ತಿಳದಿದ್ದೆ. ನೀನೂ ನಮಗ ಮೋಸ ಮಾಡಿದೆಲಾ ತಂಗಿ.” ನನ್ನ ರಕ್ತ ಕುದಿಯಿತು. ತೋಳು ಮಡಿಸಿ ಟೈಪ್ ಮಾಡತೊಡಗಿದೆ.

‘ಈ ಚಾನೆಲ್ಲನ್ನು ನಾನು ಆರಂಭದಿಂದಲೂ ಗಮನಿಸುತ್ತ ಬಂದಿದ್ದೇನೆ. ನನ್ನ ಇಪ್ಪತ್ತೈದು ವರ್ಷಗಳ ಅನುಭವದಲ್ಲಿ ತನ್ವಿಯಂಥ ಪ್ರತಿಭೆಯನ್ನು ಕಂಡಿಲ್ಲ. ಆಧಾರರಹಿತ ಆರೋಪ ಮಾಡಿದವರು ಏಳು ದಿನಗಳೊಳಗಾಗಿ ಲಿಖಿತ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ಇಂತಿ, ಒಬ್ಬ ನಿಷ್ಪಕ್ಷಪಾತಿ ವೀಕ್ಷಕ.’

ಆಹಾ, ಏನು ಗಾಂಭೀರ್ಯ! ಒಂದು ಮುದ್ರೆ ಒತ್ತುವುದಷ್ಟೇ ಬಾಕಿ.

ಕಣ್ಣು ಮಿಟುಕಿಸುವಷ್ಟರಲ್ಲಿ ಯಮನೂರನ ಉತ್ತರ ಬಂತು: “ತಂಗಿ, ನಿನ್ನ ನೀನ ಹೊಗಳಾಕತ್ತೀಯಲಾ? ಆರಾಮ ಅದೀಯಿಲ್ಲೋ?”

ಏನಿವನ ತಲೆ! ಕೆಳಗೆ ಸ್ಪಷ್ಟವಾಗಿ ‘ನಿಷ್ಪಕ್ಷಪಾತಿ ವೀಕ್ಷಕ’ ಎಂದು ಸಹಿ ಮಾಡಿದ್ದೇನೆ, ಓದಲು ಬರುವುದಿಲ್ಲವೇ? ಗುದ್ದಿದಂತೆ ಒಂದೇ ಸಾಲು ಬರೆದೆ: ‘ನಾನು ತನ್ವಿ ಅಲ್ಲ.’

ಸಹಿ ಕೆಳಗಿತ್ತು, ಖರೆ. ಆದರೆ ಮೇಲ್ಗಡೆ, ನನ್ನ ಎರಡೂ ಬರಹಗಳ ನೆತ್ತಿಯ ಮೇಲೆ, ತನ್ವಿಯ ಹೆಸರೂ ನಗುವ ಫೋಟೋವೂ ಇದ್ದವು. ಅದು ಅವಳದೇ ಖಾತೆ! ತನ್ವಿಯ ಫೋಟೋ, ತನ್ವಿಯ ಹೆಸರು, ಅದರಡಿ ‘ನಾನು ತನ್ವಿ ಅಲ್ಲ’. ನಾನು ಅಳಿಸುವ ಗುಂಡಿ ಹುಡುಕುವಷ್ಟರಲ್ಲಿ ಅದರ ಚಿತ್ರ ತೆಗೆದು ಜನ ಊರೆಲ್ಲ ಹಂಚಿಯಾಗಿತ್ತು.

ಪೇಟೆಯಿಂದ ವಾಪಸು ಬಂದ ತನ್ವಿ ಕೂಗಾಡಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ‘ಇಪ್ಪತ್ತು ವರ್ಷದ ಹುಡುಗಿಗೆ ಇಪ್ಪತ್ತೈದು ವರ್ಷದ ಅನುಭವ!’ ಎಂದು ಒಬ್ಬ. ‘ಅಸಲಿ ಆಟಗಾರ ಸಿಕ್ಕಿಬಿದ್ದ, ಯಾರೋ ವಯಸ್ಸಾದ ಗಂಡಸು, ಸರ್ಕಾರಿ ನೌಕರ ಇರಬೇಕು’ ಎಂದು ಇನ್ನೊಬ್ಬ.

“ಅಪ್ಪಾ, ನಾಳೆ ಕೈ ತೋರಿಸಿದ್ರೂ ಯಾರೂ ನಂಬೂದಿಲ್ಲ ಈಗ. ಮೊದಲ ರೆಕಾರ್ಡ್ ಮಾಡಿ ಇಟ್ಟಾರ ಅಂತಾರ,” ಎಂದಳು.

“ನಾನು ಒಂದು ಸ್ಪಷ್ಟೀಕರಣ...” ಎಂದು ಬಾಯಿ ತೆರೆದೆ.

“ರೀ,” ಎಂದಳು ವಿದ್ಯಾ, “ಇನ್ನೊಂದು ಅಕ್ಷರ ಬರದ್ರ ನಿಮ್ಮ ಬೆರಳಿಗೆ ನಾನು ನೋಟೀಸ್ ಕೊಡ್ತೇನಿ.”

ಭಾನುವಾರ ಮಧ್ಯಾಹ್ನ ಲೈವ್ ಶುರುವಾಯಿತು. ತನ್ವಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಬರದಾವ್ರು ನಮ್ಮಪ್ಪ.” ಪರದೆಯ ಪಕ್ಕದಲ್ಲಿ ಕಮೆಂಟುಗಳ ಮಳೆ. ಎಲ್ಲಕ್ಕಿಂತ ಮುಂದೆ ಯಮನೂರ: “ಹಂಗಾರ ಆಡಾವರೂ ಅವರ ಇರಬೇಕು. ಕರಿ ಅವರ್ನ. ಆಡಲಿ, ನೋಡೂಣು.” ‘ಅಪ್ಪನ್ನ ಕರೀರಿ’ ಎಂದು ನೂರಾರು ಜನ ಪಟ್ಟು ಹಿಡಿದರು.

“ಅಪ್ಪಾ, ಬಾ. ಕೂಡು,” ಎಂದಳು ತನ್ವಿ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತೆ. ಮನಸ್ಸಿನಲ್ಲಿ ಒಂದು ಮಹಾ ನಿರ್ಧಾರ ಮಾಡಿದ್ದೆ. ನಾನೇನಾದರೂ ಚೆನ್ನಾಗಿ ಆಡಿಬಿಟ್ಟರೆ ಮಗಳ ಕತೆ ಮುಗಿಯಿತಲ್ಲ! ಆದ್ದರಿಂದ ಬೇಕಂತಲೇ ಸೋಲಬೇಕು. ಒಳಗಿನ ಶೌರ್ಯವನ್ನೆಲ್ಲ ಅದುಮಿಟ್ಟು ಸೋಲುವ ಅಪ್ಪ! ಎಂಥ ತ್ಯಾಗ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಿಮಾನದಿಂದ ಧುಮುಕಿದೆ. ಒಂದು ಮನೆಯೊಳಗೆ ಹೊಕ್ಕು, ಬಂದೂಕು ಮುಟ್ಟದೆ, ಮೂಲೆಯಲ್ಲಿ ಕೈಕಟ್ಟಿ ನಿಂತೆ. ಒಂದು ನಿಮಿಷವಾದ ಮೇಲೆ ಯಾರೋ ಬಂದು ಹೊಡೆದು ಹೋದ. ಮುಗಿಯಿತೆಂದು ಏಳುವಷ್ಟರಲ್ಲಿ ಯಮನೂರ ಬರೆದ: “ನಾಟಕ! ಬೇಕಂತ ಸತ್ತಾರ. ಜೀವಾ ತುಂಬಿ ಆಡಂತ ಹೇಳು ತಂಗಿ.”

“ಅಪ್ಪಾ,” ತನ್ವಿ ನನ್ನ ಕಡೆ ತಿರುಗಿದಳು, “ಖರೇನ ಆಡು. ಗೆಲ್ಲಬೇಕಂತ ಆಡು.”

“ನೋಡು, ಆಮ್ಯಾಲೆ ನನಗ ಅನ್ನಬ್ಯಾಡ,” ಎಂದು ಎಚ್ಚರಿಕೆ ಕೊಟ್ಟು ತೋಳು ಮಡಿಸಿದೆ. ತ್ಯಾಗ ಸಾಕು! ಎಚ್‌ಆರ್ ಮ್ಯಾನೇಜರನ ಕೈಚಳಕ ಜಗತ್ತು ನೋಡಲಿ!

ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಇದ್ದಬದ್ದ ಬುದ್ಧಿಯನ್ನೆಲ್ಲ ಹತ್ತು ಬೆರಳಿಗೂ ಇಳಿಸಿ ಆಡಿದೆ. ದ್ವೀಪ ಇಷ್ಟು ದೊಡ್ಡದಿದ್ದರೂ ನಾನು ಬಿದ್ದದ್ದು ಸಮುದ್ರಕ್ಕೆ. ಹೇಗೋ ಈಜಿ ದಡ ಹತ್ತಿದೆ. ಎದುರಿಗೆ ಒಬ್ಬ ಬಂದೂಕು ಹಿಡಿದು ಬಂದ. ನನ್ನ ಕೈಯಲ್ಲಿ ದಡದಲ್ಲಿ ಸಿಕ್ಕ ಬಾಂಬೊಂದಿತ್ತು. ಎಸೆಯುವ ಮೊದಲು ಅಭ್ಯಾಸಬಲದಿಂದ ಮೈಕಿನಲ್ಲಿ ಕೇಳಿದೆ: “ನಿಮ್ಮ ಪೂರ್ತಿ ಹೆಸರೇನ್ರಿ?”

ಅವನು ಕಕ್ಕಾಬಿಕ್ಕಿಯಾಗಿ ಗುಂಡು ಹಾರಿಸುವುದನ್ನೇ ಮರೆತು ನಿಂತ. ಆ ಅವಕಾಶ ಬಳಸಿಕೊಂಡು ನಾನು ಬಾಂಬನ್ನು ರಭಸದಿಂದ ಎಸೆದೆ. ಅದು ನನ್ನ ಕಾಲ ಬುಡದಲ್ಲೇ ಬಿತ್ತು. “ಅಂಕಲ್ ಜೀ, ಸಾರಿ, ಮೈನೇ ಕುಛ್ ನಹೀ ಕಿಯಾ,” ನಾನೇನೂ ಮಾಡಲಿಲ್ಲ ಎಂದು ಹಿಂದಿಯಲ್ಲಿ ಗೋಗರೆವ ಅವನ ದನಿ ನನ್ನ ಹೊಗೆಯ ಮೇಲೆ ತೇಲಿ ಬಂತು.

ಬೇಕಂತಲೇ ಸೋತಾಗ ನೆಲದ ಮೇಲೆ ಒಂದು ನಿಮಿಷವಾದರೂ ಬದುಕಿದ್ದೆ. ಖರೇ ಆಡಿದಾಗ ಅಷ್ಟೂ ಇಲ್ಲ!

ಹಿಂದೆ ಬಾಗಿಲಲ್ಲಿ ನಿಂತಿದ್ದ ವಿದ್ಯಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದಿದ್ದಳು. ತನ್ವಿ ನನ್ನನ್ನು ಎಬ್ಬಿಸಿ ಕುರ್ಚಿಗೆ ಕೂತಳು. ಕೈಗಳ ಮೇಲೆ ಒಂದು ಕ್ಯಾಮೆರಾ, ಅವಳ ಬೆನ್ನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ ಕೈಕಟ್ಟಿ ನಿಂತ ನಾನು. ಅವಳ ಬೆರಳುಗಳು ಹೆಂಗಸರು ಮಲ್ಲಿಗೆ ಕಟ್ಟುವಾಗ ಆಡುವಂತೆ ಆಡುತ್ತಿದ್ದವು. “ಏ ತಮ್ಮಾ, ಬಾ, ನಮ್ಮಪ್ಪನ್ನ ನೋಡಿ ನಕ್ಕಾವ ನೀನೇನು?” ಎಂದು ಒಬ್ಬೊಬ್ಬರನ್ನೇ ಕರೆದು ಕರೆದು ಕೆಡವಿದಳು. ಕೊನೆಗೆ ದ್ವೀಪದಲ್ಲಿ ಅವಳೊಬ್ಬಳೇ ಉಳಿದಳು.

ಸಂಜೆ ಪುಣೆಯವರ ಪಟ್ಟಿಯಲ್ಲಿ ತನ್ವಿಯ ಹೆಸರಿತ್ತು. ಮೂವರೂ ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ನನ್ನ ಕಣ್ಣು ಒದ್ದೆಯಾದದ್ದನ್ನು ಮುಚ್ಚಿಡಲು ಹೋಗಲಿಲ್ಲ. ಏನೇ ಆಗಲಿ, ಕೊನೆಗೆ ನನ್ನಿಂದಲೇ ತಾನೇ ಅವಳ ಹೆಸರು ಉಳಿದದ್ದು? ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆದಿರಬೇಕೆಂದು ಕಮೆಂಟುಗಳ ಕಡೆ ಕಣ್ಣು ಹಾಯಿಸಿದೆ.

ಎಲ್ಲಕ್ಕಿಂತ ಮೇಲೆ ಯಮನೂರನದೇ ಇತ್ತು: “ತಪ್ಪಾತು ತಂಗಿ. ನಿಮ್ಮಪ್ಪ ಆಡಿದಂಗ ಬೇಕಂತ ಆಡಾಕ ಯಾರಿಗೂ ಆಗೂದಿಲ್ಲ. ಇಂಥಾ ಅಪ್ಪನ ಹೊಟ್ಟೀಲೆ ಹುಟ್ಟಿ ಇಷ್ಟು ಚಲೋ ಆಡ್ತಿ ಅಂದ್ರ, ನಿಂದು ಖರೇ ಪ್ರತಿಭಾ ಐತಿ ಬಿಡವಾ.”

ವಿದ್ಯಾ ನನ್ನ ಭುಜದ ಮೇಲಿಂದ ಕೈ ಚಾಚಿ, ಅದಕ್ಕೊಂದು ಹೃದಯ ಒತ್ತಿದಳು.